ಎನರ್ಜಿ ಆಡಿಟ್ ಕಡ್ಡಾಯ: ಯಾರಿಗೆ ಅನ್ವಯ? ಶಿರಸಿ, ಸಿದ್ದಾಪುರ, ಯಲ್ಲಾಪುರದವರಿಗೆ ಏನು ಸಂಬಂಧ? ಇಲ್ಲಿದೆ ಪೂರ್ತಿ ಮಾಹಿತಿ

"ದೊಡ್ಡ ಕಂಪನಿಗಳಿಗೆಲ್ಲ ಎನರ್ಜಿ ಆಡಿಟ್ ಕಡ್ಡಾಯವಂತೆ, ನಮ್ಮ ಮಿಲ್ಲಿಗೂ ನೋಟಿಸ್ ಬರ್ತದಾ?" ಅಂತ ಕೇಳುವವರಿದ್ದಾರೆ. ಅಕ್ಕಿ ಗಿರಣಿ, ಕಟ್ಟಿಗೆ ಮಿಲ್ಲು, ಐಸ್‌ಕ್ರೀಂ ಘಟಕ, ಲಾಡ್ಜ್ ನಡೆಸುವವರಿಗೆ ಈ ಅನುಮಾನ ಬರೋದು ಸಹಜ. ಆಡಿಟ್ ಅಂದ ಕೂಡ್ಲೆ ನೆನಪಾಗೋದು ತೆರಿಗೆ, ದಂಡ, ಫೈಲು.

ನೇರ ಉತ್ತರ ಮೊದಲೇ ಹೇಳಿಬಿಡ್ತೇವೆ. ಈ ಮೂರು ತಾಲೂಕಿನ ಸಾಮಾನ್ಯ ಮಿಲ್ಲು, ಅಂಗಡಿ, ಮನೆ, ತೋಟದ ಪಂಪ್‌ಸೆಟ್ಟಿಗೆ ಈ ಕಡ್ಡಾಯ ಆಡಿಟ್ ಅನ್ವಯ ಆಗೋದಿಲ್ಲ. ಆದ್ರೆ ನಮ್ಮೆಲ್ಲರ ಮನೆಗೆ ಕರೆಂಟ್ ಕೊಡುವ ಹೆಸ್ಕಾಂಗೆ ಅನ್ವಯ ಆಗ್ತದೆ. ಅದೂ ಪ್ರತಿ ವರ್ಷ. ಆ ವರದಿಯನ್ನ ಸಾರ್ವಜನಿಕರಿಗೆ ಸಿಗುವಂತೆ ವೆಬ್‌ಸೈಟಿನಲ್ಲಿ ಹಾಕಬೇಕು ಅಂತಲೂ ನಿಯಮ ಇದೆ. ಬಿಲ್ ಕಟ್ಟುವ ನಾವು ಓದಬೇಕಾದ ಲೆಕ್ಕ ಅದು. ಅದಕ್ಕಾಗಿ ಈ ಲೇಖನ.

ಎನರ್ಜಿ ಆಡಿಟ್ ಅಂದ್ರೆ ಏನು?

ಸೊಸೈಟಿಯಲ್ಲಿ ವರ್ಷಕ್ಕೊಮ್ಮೆ ದುಡ್ಡಿನ ಆಡಿಟ್ ಆಗ್ತದೆ. ಎಷ್ಟು ಬಂತು, ಎಷ್ಟು ಹೋಯ್ತು, ಎಲ್ಲಿ ತಾಳೆ ಆಗ್ತಿಲ್ಲ ಅಂತ ನೋಡ್ತಾರೆ. ಎನರ್ಜಿ ಆಡಿಟ್ ಅಥವಾ ಇಂಧನ ಲೆಕ್ಕಪರಿಶೋಧನೆಯಲ್ಲಿ ದುಡ್ಡಿನ ಬದಲು ಕರೆಂಟ್, ಕಲ್ಲಿದ್ದಲು, ಡೀಸೆಲ್, ಫರ್ನೇಸ್ ಆಯಿಲ್, ಉಗಿ ಇವುಗಳ ಲೆಕ್ಕ. ಕಾರ್ಖಾನೆಗೆ ಎಷ್ಟು ಇಂಧನ ಬಂತು, ಯಾವ ಯಂತ್ರ ಎಷ್ಟು ತಿಂತು, ಎಷ್ಟು ಸುಮ್ಮನೆ ಬಿಸಿಯಾಗಿ ಹೊರಗೆ ಹೋಯ್ತು ಅಂತ ಮೀಟರ್ ಇಟ್ಟು ಅಳೀತಾರೆ.

ಅಳತೆ ಮಾಡಿ ಬಿಟ್ಟರೆ ಆಡಿಟ್ ಆಗೋದಿಲ್ಲ. ಕಾನೂನಿನ ವ್ಯಾಖ್ಯೆಯ ಪ್ರಕಾರ, ಇಂಧನ ಬಳಕೆಯನ್ನ ಪರಿಶೀಲಿಸಿ, ವಿಶ್ಲೇಷಿಸಿ, ಉಳಿತಾಯಕ್ಕೆ ಏನು ಮಾಡ್ಬೇಕು, ಅದಕ್ಕೆ ಖರ್ಚೆಷ್ಟು, ಲಾಭ ಎಷ್ಟು ಅನ್ನೋದನ್ನ ತಾಂತ್ರಿಕ ವರದಿಯಾಗಿ ಕೊಡಬೇಕು. ಜೊತೆಗೆ ಬಳಕೆ ಇಳಿಸುವ ಕ್ರಿಯಾ ಯೋಜನೆಯೂ ಇರಬೇಕು.

ಕಾನೂನು ಯಾವಾಗ ಬಂತು?

ಇದು ಹೊಸ ಕಾನೂನಲ್ಲ. ಇಂಧನ ಸಂರಕ್ಷಣಾ ಕಾಯ್ದೆ 2001ರಲ್ಲಿ ಪಾಸಾಗಿ 2002ರ ಮಾರ್ಚ್ 1ರಿಂದ ಜಾರಿಗೆ ಬಂತು. ಅದೇ ದಿನ ಕೇಂದ್ರ ವಿದ್ಯುತ್ ಸಚಿವಾಲಯದ ಅಡಿ ಇಂಧನ ದಕ್ಷತಾ ಬ್ಯೂರೋ, ಅಂದ್ರೆ ಬಿಇಇ ಶುರುವಾಯ್ತು. ಹೆಸರು ಗೊತ್ತಿಲ್ಲದಿದ್ರೂ ಇದರ ಗುರುತು ಎಲ್ಲರ ಮನೆಯಲ್ಲಿದೆ. ಫ್ರಿಜ್ಜು, ಫ್ಯಾನು, ಎಸಿ ಮೇಲೆ ಅಂಟಿಸಿರುವ ನಕ್ಷತ್ರದ ಲೇಬಲ್ ಈ ಬಿಇಇಯದ್ದೇ.

ಕಾಯ್ದೆಯ ಸೆಕ್ಷನ್ 14ರಲ್ಲಿ ಕೇಂದ್ರ ಸರ್ಕಾರಕ್ಕೆ, ಹೆಚ್ಚು ಇಂಧನ ಬಳಸುವವರನ್ನ 'ಡೆಸಿಗ್ನೇಟೆಡ್ ಕನ್ಸ್ಯೂಮರ್' ಅಂದ್ರೆ ನಿಗದಿತ ಗ್ರಾಹಕ ಅಂತ ಘೋಷಿಸುವ ಅಧಿಕಾರ ಇದೆ. ಸೆಕ್ಷನ್ 15ರಲ್ಲಿ ರಾಜ್ಯ ಸರ್ಕಾರಕ್ಕೂ ಅಧಿಕಾರ ಕೊಟ್ಟಿದ್ದಾರೆ. ಕರ್ನಾಟಕದಲ್ಲಿ ಈ ಕಾಯ್ದೆ ನೋಡಿಕೊಳ್ಳುವ ನಿಯೋಜಿತ ಸಂಸ್ಥೆ ಬೆಂಗಳೂರಿನಲ್ಲಿರುವ ಕ್ರೆಡಲ್, ಅಂದ್ರೆ ಕರ್ನಾಟಕ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಯಮಿತ. ಸೋಲಾರ್ ಯೋಜನೆಗಳ ಸುದ್ದಿಯಲ್ಲಿ ಈ ಹೆಸರು ಕೇಳಿರ್ತೀರಿ.

2010 ಮತ್ತು 2022ರಲ್ಲಿ ಕಾಯ್ದೆಗೆ ತಿದ್ದುಪಡಿ ಆಗಿದೆ. 2010ರದ್ದು ದಂಡದ ಮೊತ್ತವನ್ನ ಭಾರಿ ಏರಿಸಿತು. 2022ರದ್ದು ಇಂಗಾಲದ ಕ್ರೆಡಿಟ್ ವ್ಯಾಪಾರಕ್ಕೆ ದಾರಿ ಮಾಡಿತು.

ಯಾರಿಗೆ ಕಡ್ಡಾಯ?

ಕಾಯ್ದೆಯ ಅನುಸೂಚಿಯಲ್ಲಿ ಹೆಚ್ಚು ಇಂಧನ ತಿನ್ನುವ ಉದ್ದಿಮೆಗಳ ಪಟ್ಟಿ ಇದೆ. ಅಲ್ಯುಮಿನಿಯಂ, ರಸಗೊಬ್ಬರ, ಕಬ್ಬಿಣ ಮತ್ತು ಉಕ್ಕು, ಸಿಮೆಂಟ್, ಕಾಗದ, ಕ್ಲೋರ್ ಆಲ್ಕಲಿ, ಸಕ್ಕರೆ, ಜವಳಿ, ರಾಸಾಯನಿಕ, ರೈಲ್ವೆ, ಬಂದರು, ಸಾರಿಗೆ, ಪೆಟ್ರೋಕೆಮಿಕಲ್ ಮತ್ತು ತೈಲ ಶುದ್ಧೀಕರಣ, ಉಷ್ಣ ಹಾಗೂ ಜಲ ವಿದ್ಯುತ್ ಸ್ಥಾವರ, ವಿದ್ಯುತ್ ಪ್ರಸರಣ ಮತ್ತು ವಿತರಣಾ ಕಂಪನಿ, ವಾಣಿಜ್ಯ ಕಟ್ಟಡ. ಹೆಸರು ಪಟ್ಟಿಯಲ್ಲಿದ್ದ ಮಾತ್ರಕ್ಕೆ ಕಡ್ಡಾಯ ಆಗೋದಿಲ್ಲ. ವರ್ಷದ ಬಳಕೆ ಒಂದು ಮಿತಿ ದಾಟಿರಬೇಕು, ಸರ್ಕಾರ ಅಧಿಸೂಚನೆ ಹೊರಡಿಸಿರಬೇಕು.

2007ರ ಮಾರ್ಚ್‌ನ ಅಧಿಸೂಚನೆಯಲ್ಲಿ ಕೆಲವು ಮುಖ್ಯ ವಲಯಗಳಿಗೆ ಇಟ್ಟ ವಾರ್ಷಿಕ ಮಿತಿ ಹೀಗಿತ್ತು:

• ಜವಳಿ: 3,000 ಟಿಒಇ
• ಅಲ್ಯುಮಿನಿಯಂ: 7,500 ಟಿಒಇ
• ಕ್ಲೋರ್ ಆಲ್ಕಲಿ: 12,000 ಟಿಒಇ
• ಸಿಮೆಂಟ್, ರಸಗೊಬ್ಬರ, ಕಬ್ಬಿಣ ಮತ್ತು ಉಕ್ಕು, ಕಾಗದ, ಉಷ್ಣ ವಿದ್ಯುತ್: 30,000 ಟಿಒಇ

ಆಮೇಲಿನ ಅಧಿಸೂಚನೆಗಳಲ್ಲಿ ವಲಯಗಳು ಸೇರುತ್ತಾ, ಮಿತಿಗಳು ಪರಿಷ್ಕರಣೆ ಆಗುತ್ತಾ ಬಂದಿವೆ. ಗಾತ್ರದ ಅಂದಾಜಿಗೆ ಈ ಅಂಕಿ ಸಾಕು.

ಟಿಒಇ ಅಂದ್ರೆ ಎಷ್ಟು ಯೂನಿಟ್?

ಟಿಒಇ ಅಂದ್ರೆ ಒಂದು ಟನ್ ತೈಲಕ್ಕೆ ಸಮನಾದ ಶಕ್ತಿ. ಕಲ್ಲಿದ್ದಲು, ಡೀಸೆಲ್, ಕರೆಂಟ್ ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಿಕ್ಕೆ ಈ ಅಳತೆ. 1 ಟಿಒಇ ಅಂದ್ರೆ 1 ಕೋಟಿ ಕಿಲೋ ಕ್ಯಾಲರಿ. ಒಂದು ಯೂನಿಟ್ ಕರೆಂಟ್ ಅಂದ್ರೆ 860 ಕಿಲೋ ಕ್ಯಾಲರಿ. ಭಾಗಿಸಿದ್ರೆ 1 ಟಿಒಇ ಸುಮಾರು 11,628 ಯೂನಿಟ್ ಆಗ್ತದೆ.

ಈಗ ಊರಿನ ಲೆಕ್ಕಕ್ಕೆ ಬನ್ನಿ. 50 ಎಚ್‌ಪಿ ಮೋಟರ್ ಇರುವ ಒಂದು ಅಕ್ಕಿ ಗಿರಣಿ ದಿನಕ್ಕೆ 8 ತಾಸು, ವರ್ಷಕ್ಕೆ 250 ದಿನ, ಪೂರ್ತಿ ಲೋಡಿನಲ್ಲಿ ಓಡ್ತದೆ ಅಂತ ಇಟ್ಟುಕೊಳ್ಳಿ. 50 ಎಚ್‌ಪಿ ಅಂದ್ರೆ 37.3 ಕಿಲೋವ್ಯಾಟ್. ವರ್ಷಕ್ಕೆ 2,000 ತಾಸು. ಒಟ್ಟು 74,600 ಯೂನಿಟ್. ಟಿಒಇಯಲ್ಲಿ ಹೇಳೋದಾದ್ರೆ ಬರೀ 6.4. ಇಂಥ 4,600ಕ್ಕೂ ಹೆಚ್ಚು ಗಿರಣಿ ಒಟ್ಟು ಸೇರಿದ್ರೆ 30,000 ಟಿಒಇ ಆಗ್ತದೆ.

ಮನೆ ಲೆಕ್ಕದಲ್ಲಿ ನೋಡಿದ್ರೆ, ತಿಂಗಳಿಗೆ 100 ಯೂನಿಟ್ ಬಳಸುವ ಸುಮಾರು 2 ಲಕ್ಷ 90 ಸಾವಿರ ಮನೆಗಳ ವರ್ಷದ ಬಳಕೆಗೆ 30,000 ಟಿಒಇ ಸಮ. ಕಾನೂನು ಹೇಳುವ 'ದೊಡ್ಡವರು' ಅಂದ್ರೆ ಇಷ್ಟು ದೊಡ್ಡವರು. ಹಾಗಾಗಿ ಮಿಲ್ಲಿನವರು ನೋಟಿಸಿಗೆ ಹೆದರಬೇಕಾಗಿಲ್ಲ.

ನಮ್ಮ ಜಿಲ್ಲೆಯಲ್ಲಿ ಯಾರಿದ್ದಾರೆ?

ಘಟ್ಟದ ಮೇಲಿನ ನಮ್ಮ ಮೂರು ತಾಲೂಕಿನಲ್ಲಿ ಇಷ್ಟು ದೊಡ್ಡ ಕಾರ್ಖಾನೆ ಇಲ್ಲ. ಜಿಲ್ಲೆಯಲ್ಲಿ ಹೆಸರು ಹೇಳಬಹುದಾದವು ಎರಡು. ಒಂದು, ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್. 1955ರಲ್ಲಿ ಶುರುವಾದ ಕಂಪನಿ, ಕಾಗದ ವಲಯಕ್ಕೆ ಸೇರ್ತದೆ. ಇನ್ನೊಂದು, ಕಾರವಾರ ಹತ್ತಿರದ ಬಿಣಗಾದ ಕಾಸ್ಟಿಕ್ ಸೋಡಾ ಕಾರ್ಖಾನೆ. ಮೊದಲು ಸೋಲಾರಿಸ್ ಕೆಮ್‌ಟೆಕ್ ಹೆಸರಲ್ಲಿತ್ತು, ಆಮೇಲೆ ಆದಿತ್ಯ ಬಿರ್ಲಾ ಗುಂಪಿಗೆ ಸೇರಿ ಈಗ ಗ್ರಾಸಿಂ ಅಡಿ ಇದೆ. ಅದು ಕ್ಲೋರ್ ಆಲ್ಕಲಿ ವಲಯ. ಉಪ್ಪು ನೀರಿಗೆ ಕರೆಂಟ್ ಹಾಯಿಸಿ ಕಾಸ್ಟಿಕ್ ಸೋಡಾ ಮತ್ತು ಕ್ಲೋರಿನ್ ತೆಗೆಯೋದ್ರಿಂದ ಅಲ್ಲಿ ಕರೆಂಟೇ ದೊಡ್ಡ ಖರ್ಚು.

ಇಂಥ ನಿಗದಿತ ಗ್ರಾಹಕರು ಮಾಡಬೇಕಾದ್ದು ಇಷ್ಟು:

• ಬಿಇಇ ಪರೀಕ್ಷೆ ಪಾಸಾದ ಎನರ್ಜಿ ಮ್ಯಾನೇಜರ್ ಒಬ್ಬರನ್ನ ನೇಮಿಸಬೇಕು.
• ಪ್ರತಿ ವರ್ಷ ಇಂಧನ ಬಳಕೆಯ ವಿವರ ಸಲ್ಲಿಸಬೇಕು.
• ಬಿಇಇ ಮಾನ್ಯತೆ ಪಡೆದ ಎನರ್ಜಿ ಆಡಿಟರ್‌ರಿಂದಲೇ ಆಡಿಟ್ ಮಾಡಿಸಬೇಕು. 2010ರ ನಿಯಮಾವಳಿ ಪ್ರಕಾರ ಮೊದಲ ಆಡಿಟ್ ಅಧಿಸೂಚನೆಯಾದ 18 ತಿಂಗಳೊಳಗೆ, ಆಮೇಲೆ 3 ವರ್ಷಕ್ಕೊಮ್ಮೆ.
• ಆಡಿಟರ್ ಕೊಟ್ಟ ಸಲಹೆಗಳ ಮೇಲೆ ಏನು ಕ್ರಮ ಆಯ್ತು ಅಂತ ವರದಿ ಕೊಡಬೇಕು.
• ಒಂದು ಟನ್ ಉತ್ಪನ್ನಕ್ಕೆ ಇಷ್ಟೇ ಇಂಧನ ಅಂತ ಸರ್ಕಾರ ಇಟ್ಟ ಗುರಿ ಮುಟ್ಟಬೇಕು.

ಈ ಗುರಿಯ ಯೋಜನೆಗೆ 'ಪ್ಯಾಟ್' ಅಂತ ಹೆಸರು. ಗುರಿಗಿಂತ ಹೆಚ್ಚು ಉಳಿಸಿದವರಿಗೆ ಪ್ರಮಾಣಪತ್ರ ಸಿಗ್ತದೆ, ಗುರಿ ತಪ್ಪಿದವರು ಅದನ್ನ ದುಡ್ಡು ಕೊಟ್ಟು ಕೊಂಡುಕೊಳ್ಬೇಕು. ಒಂದು ಪ್ರಮಾಣಪತ್ರ ಅಂದ್ರೆ 1 ಟಿಒಇ. ಮೊದಲ ಸುತ್ತು 2012ರಿಂದ 2015ರ ತನಕ ನಡೀತು. 8 ವಲಯದ 478 ಘಟಕಗಳು ಅದರಲ್ಲಿದ್ದವು. ಸುಮಾರು 66.8 ಲಕ್ಷ ಟಿಒಇ ಉಳಿಸುವ ಗುರಿ ಇತ್ತು, 86.7 ಲಕ್ಷ ಟಿಒಇ ಉಳಿದಿದೆ ಅಂತ ಬಿಇಇ ಲೆಕ್ಕ ಕೊಟ್ಟಿದೆ.

ಈಗ ವ್ಯವಸ್ಥೆ ಇನ್ನೊಂದು ಹಂತಕ್ಕೆ ಹೋಗ್ತಾ ಇದೆ. 2023ರಲ್ಲಿ ಕಾರ್ಬನ್ ಕ್ರೆಡಿಟ್ ವ್ಯಾಪಾರ ಯೋಜನೆಯ ಅಧಿಸೂಚನೆ ಬಂತು. 2025ರ ಅಕ್ಟೋಬರ್‌ನಲ್ಲಿ ಅಲ್ಯುಮಿನಿಯಂ, ಸಿಮೆಂಟ್, ಕ್ಲೋರ್ ಆಲ್ಕಲಿ, ಕಾಗದ ಈ 4 ವಲಯಗಳಿಗೆ ಹೊಗೆಯ ಗುರಿ ನಿಗದಿಯಾಯ್ತು. ನಮ್ಮ ಜಿಲ್ಲೆಯ ಎರಡೂ ದೊಡ್ಡ ಉದ್ದಿಮೆಯ ವಲಯಗಳು ಇದರಲ್ಲಿವೆ. ಇನ್ನು ಲೆಕ್ಕ ಟಿಒಇಯಿಂದ ಟನ್ ಇಂಗಾಲದ ಡೈಆಕ್ಸೈಡಿಗೆ ಬದಲಾಗ್ತದೆ. ಯಾವ ಲೆಕ್ಕ ಆದ್ರೂ ಅದರ ಬುಡದಲ್ಲಿ ಇರೋದು ಇದೇ ಅಳತೆ, ಇದೇ ಆಡಿಟ್.

ಮಾಡದಿದ್ರೆ ದಂಡ ಎಷ್ಟು?

2001ರ ಮೂಲ ಕಾಯ್ದೆಯಲ್ಲಿ ದಂಡ 10 ಸಾವಿರ ರೂ. ತನಕ ಮಾತ್ರ ಇತ್ತು. ದೊಡ್ಡ ಕಾರ್ಖಾನೆಗೆ ಅದು ಯಾವ ಲೆಕ್ಕವೂ ಅಲ್ಲ. 2010ರ ತಿದ್ದುಪಡಿಯಲ್ಲಿ ಪ್ರತಿ ತಪ್ಪಿಗೆ 10 ಲಕ್ಷ ರೂ. ತನಕ, ತಪ್ಪು ಮುಂದುವರಿದ್ರೆ ದಿನಕ್ಕೆ 10 ಸಾವಿರ ರೂ. ತನಕ ಅಂತ ಮಾಡಿದ್ರು. ಇಂಧನ ಬಳಕೆಯ ಗುರಿ ತಪ್ಪಿದ್ರೆ, ಎಷ್ಟು ಟಿಒಇ ಹೆಚ್ಚು ಬಳಸಿದ್ರೋ ಅದರ ಬೆಲೆ ಆಧರಿಸಿ ಮತ್ತಷ್ಟು ದಂಡ. ವಿಚಾರಣೆ ನಡೆಸೋದು ರಾಜ್ಯ ವಿದ್ಯುತ್ ನಿಯಂತ್ರಣ ಆಯೋಗದ ಸದಸ್ಯರು.

ಬೇರೆ ಕಡೆ ಹೇಗಿದೆ?

ಯುರೋಪ್ ಒಕ್ಕೂಟದಲ್ಲಿ 2012ರ ನಿರ್ದೇಶನದ ಪ್ರಕಾರ, ಸಣ್ಣ ಮತ್ತು ಮಧ್ಯಮ ಅಲ್ಲದ ಎಲ್ಲ ಕಂಪನಿ 4 ವರ್ಷಕ್ಕೊಮ್ಮೆ ಆಡಿಟ್ ಮಾಡಿಸಬೇಕಿತ್ತು. ಮೊದಲನೆಯದಕ್ಕೆ 2015ರ ಡಿಸೆಂಬರ್ 5 ಕೊನೇ ದಿನ. ಅಲ್ಲಿ ಕಂಪನಿಯ ಸಿಬ್ಬಂದಿ, ವಹಿವಾಟು ನೋಡಿ ದೊಡ್ಡದು ಅಂತ ತೀರ್ಮಾನಿಸ್ತಿದ್ರು. ಇದರಲ್ಲಿ ಒಂದು ತೊಂದರೆ ಇತ್ತು. ಹೆಚ್ಚು ಜನ ಇರುವ ಆಫೀಸು ಆಡಿಟ್ ಮಾಡಿಸ್ತಿತ್ತು, ಕಡಿಮೆ ಜನ ಇದ್ದು ಭಾರಿ ಇಂಧನ ಉರಿಸುವ ಘಟಕ ತಪ್ಪಿಸಿಕೊಳ್ತಿತ್ತು. 2023ರ ಹೊಸ ನಿರ್ದೇಶನದಲ್ಲಿ ಇದನ್ನ ಬದಲಿಸಿ ಬಳಕೆಯನ್ನೇ ಮಾನದಂಡ ಮಾಡಿದ್ರು. ವರ್ಷಕ್ಕೆ 10 ಟೆರಾಜೂಲ್ ಮೀರಿದ್ರೆ ಆಡಿಟ್ ಕಡ್ಡಾಯ. ನಮ್ಮ ಅಳತೆಯಲ್ಲಿ ಅದು ಸುಮಾರು 239 ಟಿಒಇ, ಅಂದ್ರೆ 27.8 ಲಕ್ಷ ಯೂನಿಟ್.

ನಮ್ಮಲ್ಲಿ ಮೊದಲಿನಿಂದಲೂ ಬಳಕೆಯೇ ಮಾನದಂಡ. ಆದ್ರೆ ಮಿತಿ ಅವರಿಗಿಂತ ತುಂಬ ಮೇಲಿದೆ. ಹಾಗಾಗಿ ನಮ್ಮಲ್ಲಿ ಮಧ್ಯಮ ಗಾತ್ರದ ಉದ್ದಿಮೆಗಳು ಹೊರಗೇ ಉಳೀತವೆ.

ನಮಗೆ ನೇರ ಸಂಬಂಧ: ಹೆಸ್ಕಾಂ ಆಡಿಟ್

ಇಲ್ಲಿಂದ ಮುಂದಿನದ್ದು ನಮ್ಮ ಬಿಲ್ಲಿನ ಮಾತು.

2020ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ವಿದ್ಯುತ್ ವಿತರಣೆಯ ಲೈಸೆನ್ಸ್ ಇರುವ ಎಲ್ಲ ಕಂಪನಿಗಳನ್ನೂ ನಿಗದಿತ ಗ್ರಾಹಕ ಅಂತ ಘೋಷಿಸಿತು. 2021ರ ಅಕ್ಟೋಬರ್ 6ರಂದು ಬಿಇಇ ಅವರಿಗೇ ಪ್ರತ್ಯೇಕ ನಿಯಮಾವಳಿ ತಂತು. ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿ ಇರುವ ಹೆಸ್ಕಾಂ ಧಾರವಾಡ, ಬೆಳಗಾವಿ, ಗದಗ, ಹಾವೇರಿ, ವಿಜಯಪುರ, ಬಾಗಲಕೋಟೆ ಮತ್ತು ಉತ್ತರ ಕನ್ನಡ ಈ 7 ಜಿಲ್ಲೆಗೆ ಕರೆಂಟ್ ಕೊಡ್ತದೆ. ಅದಕ್ಕೂ ಈ ನಿಯಮ ಅನ್ವಯ.

ಕಾರ್ಖಾನೆಗೆ 3 ವರ್ಷಕ್ಕೊಮ್ಮೆ ಆದ್ರೆ ವಿತರಣಾ ಕಂಪನಿಗೆ ವರ್ಷಕ್ಕೊಮ್ಮೆ. ಹೊರಗಿನ ಮಾನ್ಯತೆ ಪಡೆದ ಆಡಿಟರ್ ಮಾಡ್ಬೇಕು. ಆರ್ಥಿಕ ವರ್ಷ ಮುಗಿದು 4 ತಿಂಗಳೊಳಗೆ ವರದಿಯನ್ನ ಬಿಇಇಗೆ ಮತ್ತು ರಾಜ್ಯದ ನಿಯೋಜಿತ ಸಂಸ್ಥೆಗೆ ಕೊಡಬೇಕು, ತಮ್ಮ ವೆಬ್‌ಸೈಟಿನಲ್ಲೂ ಹಾಕಬೇಕು. ಇದಲ್ಲದೆ 3 ತಿಂಗಳಿಗೊಮ್ಮೆ ತಾವೇ ಎನರ್ಜಿ ಅಕೌಂಟಿಂಗ್ ಮಾಡಿ ಲೆಕ್ಕ ಇಡಬೇಕು. ಇದಕ್ಕೆಲ್ಲ ಫೀಡರ್, ಟಿಸಿ, ಗ್ರಾಹಕ ಈ ಮೂರೂ ಹಂತದಲ್ಲಿ ಮೀಟರ್ ಬೇಕು.

ಆ ವರದಿಯಲ್ಲಿ ಏನಿರ್ತದೆ?

ಒಂದು ಉದಾಹರಣೆ ನೋಡೋಣ. ಇದು ಅರ್ಥ ಆಗಲಿಕ್ಕೆ ಮಾಡಿದ ಲೆಕ್ಕ, ಯಾವ ಕಂಪನಿಯದ್ದೂ ಅಲ್ಲ.

ಗ್ರಿಡ್‌ನಿಂದ ಒಂದು ಊರಿಗೆ 100 ಯೂನಿಟ್ ಹೊರಡ್ತದೆ. ಮನೆಗಳ ಮೀಟರಿನಲ್ಲಿ ದಾಖಲಾಗಿ ಬಿಲ್ ಆಗೋದು 85 ಯೂನಿಟ್. ಉಳಿದ 15 ಯೂನಿಟ್ ದಾರಿಯಲ್ಲಿ ಹೋಯ್ತು. ಇದು ವಿತರಣಾ ನಷ್ಟ. ಬಿಲ್ ಆದ 85ರಲ್ಲಿ 80 ಯೂನಿಟ್ಟಿನ ದುಡ್ಡು ಮಾತ್ರ ವಸೂಲಾಯ್ತು ಅಂತಾದ್ರೆ ಒಟ್ಟು ನಷ್ಟ 20. ಇದಕ್ಕೆ ಎಟಿ ಅಂಡ್ ಸಿ ನಷ್ಟ, ಅಂದ್ರೆ ಒಟ್ಟು ತಾಂತ್ರಿಕ ಮತ್ತು ವಾಣಿಜ್ಯ ನಷ್ಟ ಅಂತಾರೆ.

ದಾರಿಯಲ್ಲಿ ಹೋಗೋದ್ರಲ್ಲಿ ಎರಡು ಬಗೆ. ಒಂದು ತಂತಿ, ಟಿಸಿ ಬಿಸಿಯಾಗಿ ಹೋಗೋದು. ಇನ್ನೊಂದು ಕಳ್ಳತನ, ಕೆಟ್ಟ ಮೀಟರು, ಮೀಟರೇ ಇಲ್ಲದ ಬಳಕೆ. ನೀರಾವರಿ ಪಂಪ್‌ಸೆಟ್ಟಿನ ವಿಷಯ ಇಲ್ಲಿ ಮುಖ್ಯ. ರಾಜ್ಯದಲ್ಲಿ 10 ಎಚ್‌ಪಿ ತನಕದ ಪಂಪ್‌ಸೆಟ್ಟಿಗೆ ಕರೆಂಟ್ ಉಚಿತ, ದುಡ್ಡು ಸರ್ಕಾರ ಸಬ್ಸಿಡಿಯಾಗಿ ಕೊಡ್ತದೆ. ಮೀಟರ್ ಇಲ್ಲದ ಪಂಪ್‌ಸೆಟ್ ಎಷ್ಟು ಬಳಸಿತು ಅಂತ ಅಂದಾಜು ಹಾಕ್ಬೇಕಾಗ್ತದೆ. ಅಂದಾಜು ಹೆಚ್ಚಾದ್ರೆ ಕಾಗದದ ಮೇಲೆ ನಷ್ಟ ಕಡಿಮೆ ಕಾಣ್ತದೆ. ಹಾಗಾಗಿಯೇ ಅಂದಾಜು ಬಿಟ್ಟು ಟಿಸಿಗೆ ಮೀಟರ್ ಇಡಿ ಅಂತ ನಿಯಮ ಹೇಳೋದು.

ಮಲೆನಾಡಿನ ಲೈನು ಯಾಕೆ ಬೇರೆ?

ಬಯಲುಸೀಮೆಯಲ್ಲಿ ಊರು ಅಂದ್ರೆ ಮನೆಗಳೆಲ್ಲ ಒಂದೇ ಕಡೆ ಇರ್ತವೆ. ಒಂದು ಟಿಸಿ ಇಟ್ಟರೆ ಸುತ್ತ ನೂರಾರು ಮನೆ. ನಮ್ಮಲ್ಲಿ ಹಾಗಲ್ಲ. ಸಿದ್ದಾಪುರದ ನಿಲ್ಕುಂದ ಕಡೆ, ಶಿರಸಿಯ ವಾನಳ್ಳಿ ಕಡೆ, ಯಲ್ಲಾಪುರದ ವಜ್ರಳ್ಳಿ ಕಡೆ ಹೋದವರಿಗೆ ಗೊತ್ತು, ಇಲ್ಲೊಂದು ಮನೆ, ಒಂದು ಗುಡ್ಡ ದಾಟಿ ಕೆಳಗೆ ತೋಟದ ಪಕ್ಕ ಇನ್ನೊಂದು ಮನೆ. ತಂತಿ ಕಾಡಿನಲ್ಲಿ ಹಾಯ್ದು ಬರ್ತದೆ. ಮಳೆಗಾಲದಲ್ಲಿ ಮರ ಬಿದ್ದು ತುಂಡಾಗೋದು ಒಂದು ಕಷ್ಟ, ಕರೆಂಟ್ ಇದ್ದಾಗಲೂ ಲೈನಿನ ತುದಿಯ ಮನೆಗೆ ವೋಲ್ಟೇಜ್ ಸಾಲದೇ ಇರೋದು ಇನ್ನೊಂದು.

ಇದರ ಹಿಂದಿನ ವಿಜ್ಞಾನ ಸುಲಭ. ತಂತಿಯಲ್ಲಿ ಆಗುವ ನಷ್ಟ, ಹರಿಯುವ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರ್ತದೆ. ಅಷ್ಟೇ ಶಕ್ತಿಯನ್ನ ಅರ್ಧ ವೋಲ್ಟೇಜಿನಲ್ಲಿ ಕಳಿಸಿದ್ರೆ ಆಂಪಿಯರ್ ಎರಡು ಪಟ್ಟು, ನಷ್ಟ ನಾಲ್ಕು ಪಟ್ಟು. ಅದಕ್ಕೇ ದೂರದ ದಾರಿಗೆ 11 ಸಾವಿರ ವೋಲ್ಟಿನ ಲೈನು ತಂದು, ಮನೆಗಳ ಹತ್ತಿರ ಸಣ್ಣ ಟಿಸಿ ಇಡಬೇಕು. ದೊಡ್ಡ ಟಿಸಿ ಒಂದು ಕಡೆ ಇಟ್ಟು ಅಲ್ಲಿಂದ ಕಿಲೋಮೀಟರುಗಟ್ಟಲೆ ಮನೆ ಲೈನು ಎಳೆದ್ರೆ ನಷ್ಟವೂ ಹೆಚ್ಚು, ತುದಿಯಲ್ಲಿ ವೋಲ್ಟೇಜೂ ಇಲ್ಲ.

ಕಡಿಮೆ ವೋಲ್ಟೇಜಿನ ಪೆಟ್ಟು ಯಾರಿಗೆ ಬೀಳ್ತದೆ ಅಂತ ತೋಟದವರನ್ನ ಕೇಳಿ. ವೋಲ್ಟೇಜ್ ಇಳಿದಾಗ ಪಂಪಿನ ಮೋಟರ್ ಹೆಚ್ಚು ಆಂಪಿಯರ್ ಎಳೀತದೆ, ಬಿಸಿಯಾಗ್ತದೆ, ಕಾಯಿಲ್ ಸುಡ್ತದೆ. ಬೇಸಿಗೆಯಲ್ಲಿ ತೋಟಕ್ಕೆ ನೀರು ಬೇಕಾದ ಹೊತ್ತಿಗೆ ಮೋಟರ್ ಹೊತ್ತುಕೊಂಡು ರಿವೈಂಡಿಂಗ್ ಅಂಗಡಿಗೆ ಓಡಬೇಕು. ಹೆಸ್ಕಾಂಗೆ ಲೈನಿನಲ್ಲಿ ಆದ ನಷ್ಟ ಮತ್ತು ಬೆಳೆಗಾರನ ಸುಟ್ಟ ಮೋಟರು, ಎರಡಕ್ಕೂ ಕಾರಣ ಒಂದೇ ಉದ್ದದ ತಂತಿ ಆಗಿರಬಹುದು. ಟಿಸಿ ಮಟ್ಟದ ಆಡಿಟ್ ಸರಿಯಾಗಿ ಆದ್ರೆ ಆ ತಂತಿ ಯಾವುದು ಅಂತ ಹೆಸರು ಸಮೇತ ಸಿಗ್ತದೆ.

ಬಿಲ್ಲಿಗೂ ಇದಕ್ಕೂ ಏನು?

ಕರೆಂಟ್ ದರ ನಿಗದಿ ಮಾಡೋದು ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ, ಅಂದ್ರೆ ಕೆಇಆರ್‌ಸಿ. ಪ್ರತಿ ವಿತರಣಾ ಕಂಪನಿಗೆ ಎಷ್ಟು ನಷ್ಟ ಒಪ್ಪಬಹುದು ಅಂತಲೂ ಅದೇ ಆಯೋಗ ಮಿತಿ ಇಡ್ತದೆ. ಆ ಮಿತಿಯೊಳಗಿನ ನಷ್ಟದ ಖರ್ಚು ದರದೊಳಗೆ ಸೇರಿಕೊಳ್ತದೆ. ಅಂದ್ರೆ ದಾರಿಯಲ್ಲಿ ಹೋದ ಯೂನಿಟ್ಟಿಗೂ ಬಿಲ್ ಕಟ್ಟುವವರೇ ದುಡ್ಡು ಕೊಡೋದು. ಗೃಹಜ್ಯೋತಿಯಲ್ಲಿ ಶೂನ್ಯ ಬಿಲ್ ಬರುವವರಿಗೆ ಇದು ಕಾಣದೇ ಇರಬಹುದು. ಆ ದುಡ್ಡೂ ಸರ್ಕಾರದ ಬೊಕ್ಕಸದಿಂದ ಹೋಗ್ತದೆ, ಬೊಕ್ಕಸ ತುಂಬೋದು ನಮ್ಮ ತೆರಿಗೆಯಿಂದ.

ನಮ್ಮ ಭಾಗಕ್ಕೆ ಇನ್ನೂ ಒಂದು ಲೆಕ್ಕ ಇದೆ. ಕಾಳಿ ನದಿಗೆ ಸಾಲು ಅಣೆಕಟ್ಟು ಕಟ್ಟಿದ್ದಾರೆ. ಅದರಲ್ಲಿ 120 ಮೆಗಾವ್ಯಾಟಿನ ಕೊಡಸಳ್ಳಿ ಇರೋದು ಯಲ್ಲಾಪುರ ತಾಲೂಕಿನಲ್ಲಿ. ಕೈಗಾದಲ್ಲಿ ತಲಾ 220 ಮೆಗಾವ್ಯಾಟಿನ 4 ಘಟಕ ಇವೆ. ಸಿದ್ದಾಪುರದ ಗಡಿಯಲ್ಲಿ ಶರಾವತಿ. 1980ರ ದಶಕದ ಆರಂಭದಲ್ಲಿ ಬೇಡ್ತಿ ಜಲವಿದ್ಯುತ್ ಯೋಜನೆ ಬಂದಾಗ ಶಿರಸಿ, ಯಲ್ಲಾಪುರ ಕಡೆಯ ಅಡಿಕೆ ಬೆಳೆಗಾರರು ವಿರೋಧ ಮಾಡಿದ್ರು. ಬರೀ ಘೋಷಣೆ ಕೂಗಲಿಲ್ಲ. ಮುಳುಗುವ ಕಾಡಿನ, ತೋಟದ ಬೆಲೆ ಎಷ್ಟು, ಬರುವ ಕರೆಂಟ್ ಎಷ್ಟು ಅಂತ ತಜ್ಞರನ್ನ ಕೂರಿಸಿ ಲಾಭ ನಷ್ಟದ ಲೆಕ್ಕ ಕೇಳಿದ್ರು. ಆಗ ಯೋಜನೆ ನಿಂತಿತು. ನೆಲ, ಕಾಡು ಕೊಟ್ಟ ಜಿಲ್ಲೆಯವರಿಗೆ, ಉತ್ಪಾದನೆಯಾದ ಕರೆಂಟ್ ತಂತಿಯಲ್ಲಿ ಎಷ್ಟು ಪೋಲಾಗ್ತದೆ ಅಂತ ಕೇಳುವ ಹಕ್ಕು ಎಲ್ಲರಿಗಿಂತ ಒಂದು ಕೈ ಹೆಚ್ಚೇ ಇದೆ.

ಗ್ರಾಹಕರು ಏನು ಮಾಡಬಹುದು?

1. ಹೆಸ್ಕಾಂ ವೆಬ್‌ಸೈಟಿನಲ್ಲಿ ವಾರ್ಷಿಕ ಎನರ್ಜಿ ಆಡಿಟ್ ವರದಿ ಹುಡುಕಿ. ಕಂಪನಿಗೆ ಬಂದ ಒಟ್ಟು ಯೂನಿಟ್, ಬಿಲ್ ಆದ ಯೂನಿಟ್, ನಷ್ಟದ ಶೇಕಡಾವಾರು, ಎಷ್ಟು ಫೀಡರ್ ಮತ್ತು ಟಿಸಿಗೆ ಮೀಟರ್ ಇದೆ, ಆಡಿಟರ್ ಏನು ಸಲಹೆ ಕೊಟ್ಟಿದ್ದಾರೆ, ಈ ಐದನ್ನ ಮೊದಲು ನೋಡಿ.

2. ನಿಮ್ಮ ಊರಿನ ಫೀಡರಿನ ಲೆಕ್ಕ ಬೇಕಾದ್ರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಹೆಸ್ಕಾಂ ಸರ್ಕಾರಿ ಕಂಪನಿ, 2005ರ ಮಾಹಿತಿ ಹಕ್ಕು ಕಾಯ್ದೆ ಅದಕ್ಕೆ ಅನ್ವಯ ಆಗ್ತದೆ. ಶುಲ್ಕ 10 ರೂ., ಉತ್ತರಕ್ಕೆ 30 ದಿನ. ಪ್ರಶ್ನೆ ಉದ್ದ ಬೇಡ. 'ಇಂಥ ಫೀಡರಿಗೆ ಕಳೆದ 12 ತಿಂಗಳಲ್ಲಿ ಹೋದ ಯೂನಿಟ್ ಎಷ್ಟು, ಬಿಲ್ ಆದ ಯೂನಿಟ್ ಎಷ್ಟು, ಒಟ್ಟು ಟಿಸಿ ಎಷ್ಟು, ಮೀಟರ್ ಇರುವ ಟಿಸಿ ಎಷ್ಟು' ಅಂತ ತಿಂಗಳುವಾರು ಕೇಳಿ.

3. ಕಡಿಮೆ ವೋಲ್ಟೇಜ್ ಇದ್ರೆ ಬಾಯಲ್ಲಿ ಹೇಳಿ ಬಿಡಬೇಡಿ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ವೋಲ್ಟ್‌ಮೀಟರ್ ನೋಡಿ ಒಂದು ವಾರ ಬರೆದಿಡಿ. ಮೊಬೈಲಿನಲ್ಲಿ ಫೋಟೊ ತೆಗೀರಿ. 1912ಕ್ಕೆ ದೂರು ಕೊಟ್ಟು ದೂರಿನ ಸಂಖ್ಯೆ ಇಟ್ಟುಕೊಳ್ಳಿ. ಗ್ರಾಹಕರ ಕುಂದುಕೊರತೆ ಸಭೆಗೆ ಇದನ್ನ ಲಿಖಿತವಾಗಿ ಕೊಡಿ.

4. ದರ ಪರಿಷ್ಕರಣೆ ಮುಂಚೆ ಕೆಇಆರ್‌ಸಿ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕರೀತದೆ, ಬಹಿರಂಗ ವಿಚಾರಣೆ ಮಾಡ್ತದೆ. ವಕೀಲರೇ ಬೇಕು ಅಂತಿಲ್ಲ, ಯಾವ ಗ್ರಾಹಕನೂ ಆಕ್ಷೇಪಣೆ ಹಾಕಬಹುದು. ಕೈಯಲ್ಲಿ ಫೀಡರಿನ ಅಂಕಿ ಇದ್ರೆ ಮಾತಿಗೆ ತೂಕ ಬರ್ತದೆ. ಊರಿನ ಸೊಸೈಟಿ ಅಥವಾ ಪಂಚಾಯತ ಮೂಲಕ ಹಾಕಿದ್ರೆ ಇನ್ನೂ ಒಳ್ಳೇದು.

ಸಣ್ಣ ಉದ್ದಿಮೆಯವರು ತಾವೇ ಮಾಡಿಕೊಳ್ಳಬಹುದಾದ ಆಡಿಟ್

ಕಾನೂನು ಕೇಳದಿದ್ರೂ ಬಿಲ್ ಇಳಿಸಬೇಕು ಅನ್ನುವವರಿಗೆ ಈ ಪಟ್ಟಿ.

• 12 ತಿಂಗಳ ಬಿಲ್ ಒಂದು ಕಡೆ ಇಟ್ಟು ನೋಡಿ. ಮಂಜೂರಾದ ಲೋಡ್ ಎಷ್ಟು, ನಿಜಕ್ಕೂ ಬಳಸಿದ್ದೆಷ್ಟು? ಎಂದೂ ಬಳಸದ ಲೋಡಿಗೂ ಫಿಕ್ಸೆಡ್ ಚಾರ್ಜ್ ಹೋಗ್ತಾ ಇರ್ತದೆ. ಹೆಚ್ಚಿದ್ರೆ ಲೋಡ್ ಇಳಿಸಲಿಕ್ಕೆ ಅರ್ಜಿ ಕೊಡಿ.

• ಬಿಲ್ಲಿನಲ್ಲಿ ಪವರ್ ಫ್ಯಾಕ್ಟರ್ ನೋಡಿ. ಆಯೋಗ ಇಟ್ಟ ಮಟ್ಟಕ್ಕಿಂತ ಇಳಿದ್ರೆ ಸರ್ಚಾರ್ಜ್ ಬೀಳ್ತದೆ. ಸರಿಯಾದ ಕೆಪಾಸಿಟರ್ ಹಾಕಿದ್ರೆ ಅದು ತಪ್ಪುತ್ತದೆ.

• ಮೋಟರು ಕೆಲಸಕ್ಕೆ ತಕ್ಕ ಗಾತ್ರದ್ದಾ? 10 ಎಚ್‌ಪಿ ಕೆಲಸಕ್ಕೆ 20 ಎಚ್‌ಪಿ ಮೋಟರ್ ಓಡಿಸಿದ್ರೆ ಪೋಲು. ಎರಡು ಮೂರು ಸಲ ರಿವೈಂಡಿಂಗ್ ಆದ ಹಳೇ ಮೋಟರ್ ಹೆಚ್ಚು ಕರೆಂಟ್ ತಿನ್ನುವ ಸಂಭವ ಇರ್ತದೆ.

• ಕಂಪ್ರೆಸರ್ ಇದ್ರೆ, ಕೆಲಸ ನಿಲ್ಲಿಸಿದ ಮೇಲೆ ಗಾಳಿ ಸೋರುವ ಶಬ್ದ ಕೇಳ್ತದಾ ನೋಡಿ. ಬೆಲ್ಟು ಸಡಿಲ ಇದೆಯಾ ಅಂತಲೂ ನೋಡಿ.

• ಅಡಿಕೆ ಬೇಯಿಸುವವರು, ಡ್ರೈಯರ್ ಇಟ್ಟವರು ಕಟ್ಟಿಗೆ ಲೆಕ್ಕ ಇಡಿ. ಹಸಿ ಕಟ್ಟಿಗೆ ಉರಿದಾಗ ಅದರೊಳಗಿನ ನೀರು ಆವಿ ಮಾಡಲಿಕ್ಕೇ ಒಂದಷ್ಟು ಬಿಸಿ ಹೋಗ್ತದೆ. ಮಳೆಗಾಲದ ಮುಂಚೆ ಒಣಗಿಸಿ ಮಾಡು ಕಟ್ಟಿ ಇಟ್ಟ ಕಟ್ಟಿಗೆಯಲ್ಲಿ ಅದೇ ಹಂಡೆ ಕಡಿಮೆ ಸೌದೆಯಲ್ಲಿ ಬೇಯ್ತದೆ.

ದೊಡ್ಡ ಯಂತ್ರ ಬದಲಿಸುವ ಯೋಚನೆ ಇದ್ರೆ ಸಾಲ ಮಾಡುವ ಮೊದಲು ಕೇಂದ್ರದ 'ಅದಿತಿ' ಯೋಜನೆ ವಿಚಾರಿಸಿ. ಬಿಇಇ ಮೂಲಕ 2025ರ ಜುಲೈನಲ್ಲಿ ಶುರುವಾದ 1,000 ಕೋಟಿ ರೂ. ಯೋಜನೆ ಇದು. ಇಂಧನ ಉಳಿಸುವ ಯಂತ್ರಕ್ಕೆ ಮಾಡಿದ ಸಾಲದ ಬಡ್ಡಿಯಲ್ಲಿ ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗೆ ಶೇ. 5, ಮಧ್ಯಮಕ್ಕೆ ಶೇ. 3 ರಿಯಾಯಿತಿ, ಜೊತೆಗೆ ಆಡಿಟ್‌ಗೂ ನೆರವು. 14 ವಲಯದಲ್ಲಿ ಆಹಾರ ಸಂಸ್ಕರಣೆಯೂ ಇದೆ. ಮೊದಲ ಹಂತಕ್ಕೆ 60 ಕ್ಲಸ್ಟರ್ ಆರಿಸಿದ್ದಾರೆ, ಹಾಗಾಗಿ ನಿಮ್ಮ ಘಟಕ ಬರ್ತದಾ ಅಂತ ಅರ್ಜಿ ಮುಂಚೆ ಖಾತ್ರಿ ಮಾಡಿಕೊಳ್ಳಿ.

ಒಂದು ಎಚ್ಚರಿಕೆ

ಮನೆ, ಅಂಗಡಿ, ಸಣ್ಣ ಮಿಲ್ಲಿಗೆ ಎನರ್ಜಿ ಆಡಿಟ್ ಸರ್ಟಿಫಿಕೇಟ್ ಕಡ್ಡಾಯ ಅಂತ ಹೇಳಿ ಯಾರಾದ್ರೂ ದುಡ್ಡು ಕೇಳಿದ್ರೆ ಕೊಡಬೇಡಿ. ಮಾನ್ಯತೆ ಪಡೆದ ಆಡಿಟರ್‌ಗಳ ಪಟ್ಟಿಯನ್ನ ಬಿಇಇ ಇಟ್ಟಿದೆ, ಹೆಸರು ಅದರಲ್ಲಿ ಇದೆಯಾ ಅಂತ ನೋಡಿ. ಅನುಮಾನ ಬಂದ್ರೆ ಹತ್ತಿರದ ಹೆಸ್ಕಾಂ ಕಚೇರಿಯಲ್ಲಿ ಕೇಳಿ.

ಪ್ರತಿ ವರ್ಷ ಮಾರ್ಚ್ 31ಕ್ಕೆ ಆರ್ಥಿಕ ವರ್ಷ ಮುಗೀತದೆ. ಅಲ್ಲಿಂದ 4 ತಿಂಗಳು ಅಂದ್ರೆ ಜುಲೈ ಕೊನೆ. ನಮ್ಮಲ್ಲಿ ಜೋರು ಮಳೆ, ಕರೆಂಟ್ ಇದ್ದರೆ ಇತ್ತು ಇಲ್ಲದಿದ್ರೆ ಇಲ್ಲ ಅನ್ನುವ ಕಾಲ. ಕರೆಂಟ್ ಬಂದಾಗ ಒಮ್ಮೆ ಹೆಸ್ಕಾಂ ವೆಬ್‌ಸೈಟ್ ತೆರೆದು ವರದಿ ಬಂತಾ ಅಂತ ನೋಡಿ. ಬಂದಿಲ್ಲ ಅಂದ್ರೆ ಯಾಕೆ ಬಂದಿಲ್ಲ ಅಂತ ಒಂದು ಅರ್ಜಿ ಬರೀರಿ.